ಒಂದೇ ಕೊರಳಿಗೆ ಎಷ್ಟು ಹಾರ?

ಡಯಾಸಿಸ್ ಕೌನ್ಸಿಲಿಗೆ ಆರಿಸಿಹೋಗುವ ಸಭಾ ಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದರ ಸಹೋದರಿಯರೇ,

ಈ ಪತ್ರವನ್ನು ಬಿಷಪ್ಪರಿಗೆ ಬರೆಯಬಹುದಿತ್ತು, ಕಾರ್ಯದರ್ಶಿಗಳಿಗೂ ಬರೆಯಬಹುದಿತ್ತು. ಬರೆದರೆ ಏನಾಗುತ್ತದೆಂದು ನಿಮಗೂ ಗೊತ್ತು. 'ಸ್ವೀಕರಿಸಿದೆ' ಎಂಬ ಮುದ್ರೆ ಬಿದ್ದು ಫೈಲು ಸೇರುತ್ತದೆ. ಮುದ್ರೆ ಒತ್ತುವವರೇ ಪತ್ರದ ವಿಷಯವೂ ಆಗಿರುವಾಗ ಅವರಿಂದ ಹೆಚ್ಚು ಬಯಸುವುದು ನ್ಯಾಯವಲ್ಲ. ಹುದ್ದೆಗಳನ್ನು ಹಂಚುವ ಓಟು ಇರುವುದು ನಿಮ್ಮ ಕೈಯಲ್ಲಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ವಿಷಯ ಹೊಸದಲ್ಲ. ಪಟ್ಟಣದ ದೊಡ್ಡ ಸಭೆಗೆ ಒಬ್ಬರು ಸಭಾಪಾಲಕರು. ಅವರೇ ಡಯಾಸಿಸಿನ ಒಂದು ಮುಖ್ಯ ಹುದ್ದೆಯಲ್ಲಿ. ಅವರೇ ಹೈಸ್ಕೂಲಿನ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್, ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರೇ, ಆಸ್ತಿ ಸಮಿತಿಗೆ ಸಂಚಾಲಕರೂ ಅವರೇ. ಪ್ರತಿ ಹುದ್ದೆಗೂ ಒಂದು ಅಭಿನಂದನಾ ಸಮಾರಂಭ, ಒಂದು ಶಾಲು, ಒಂದು ಗಂಧದ ಹಾರ. ಯಾವ ಡಯಾಸಿಸಿನ ಹೆಸರನ್ನೂ ನಾನು ಎತ್ತುವುದಿಲ್ಲ. ಎತ್ತಿದರೆ ಉಳಿದವರೆಲ್ಲ ನೆಮ್ಮದಿಯಾಗಿ ಮಲಗುತ್ತಾರೆ.

ಅಕ್ಟೋಬರ್ ಕೊನೆಯಲ್ಲಿ ನಮ್ಮ ಪೀಠಗಳಿಂದ ಮತಸುಧಾರಣೆಯ ಪ್ರಸಂಗ ಕೇಳುತ್ತೇವೆ. ಲೂಥರ್, ವಿಟೆನ್‌ಬರ್ಗ್, 95 ವಾದಗಳು, ಪಾಪಕ್ಷಮಾಪಣಾ ಪತ್ರ ಮಾರುತ್ತಿದ್ದ ಟೆಟ್ಜೆಲ್. ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಆ ಪತ್ರಗಳನ್ನು ಅಷ್ಟು ಗಡಿಬಿಡಿಯಲ್ಲಿ ಮಾರಬೇಕಾಗಿ ಬಂದದ್ದೇಕೆ ಎಂಬುದನ್ನು ಪೀಠದಿಂದ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬ್ರಾಂಡೆನ್‌ಬರ್ಗಿನ ರಾಜಮನೆತನದ ಆಲ್ಬ್ರೆಕ್ಟ್ 1513ರಲ್ಲಿ, ಇಪ್ಪತ್ತಮೂರರ ವಯಸ್ಸಿಗೇ, ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆದ. ಜೊತೆಗೆ ಹಾಲ್ಬರ್‌ಸ್ಟಾಟ್ ಡಯಾಸಿಸಿನ ಆಡಳಿತವೂ ಅವನಿಗೇ ಸಿಕ್ಕಿತು. ಮರುವರ್ಷ ಮೈಂಟ್ಸಿನ ಆರ್ಚ್‌ಬಿಷಪ್ ಪೀಠ ಖಾಲಿಯಾಯಿತು. ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಮೈಂಟ್ಸಿನವರೂ ಒಬ್ಬರು. ಅಂಥ ಕುರ್ಚಿಯನ್ನು ಯಾರು ಬಿಡುತ್ತಾರೆ? ಮೊದಲಿನ ಎರಡನ್ನು ಇಟ್ಟುಕೊಂಡೇ ಆತ ಮೂರನೆಯದಕ್ಕೂ ಕೈಹಾಕಿದ.

ಸಭೆಯ ಕಾನೂನು ಇದನ್ನು ಒಪ್ಪುತ್ತಿರಲಿಲ್ಲ. ಬಿಷಪ್ ಆಗಲು ವಯಸ್ಸೂ ಸಾಲದು, ಒಬ್ಬನಿಗೆ ಇಷ್ಟು ಪೀಠಗಳೂ ಕೂಡದು. ವಿನಾಯಿತಿ ರೋಮಿನಿಂದ ಬರಬೇಕು, ಅದಕ್ಕೆ ಹಣ ಸುರಿಯಬೇಕು. ಆಲ್ಬ್ರೆಕ್ಟ್ ಆಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರ ಹತ್ತಿರ ಸಾಲ ಮಾಡಿದ. ಸಾಲ ತೀರಿಸುವ ದಾರಿಯನ್ನು ಪೋಪ್ ಹತ್ತನೆಯ ಲಿಯೋ ತೋರಿಸಿಕೊಟ್ಟ: ಆಲ್ಬ್ರೆಕ್ಟನ ಸೀಮೆಯಲ್ಲಿ ಪಾಪಕ್ಷಮಾಪಣಾ ಪತ್ರ ಮಾರುವುದು, ಬಂದದ್ದರಲ್ಲಿ ಅರ್ಧ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ, ಇನ್ನರ್ಧ ಸಾಲಕ್ಕೆ. ಟೆಟ್ಜೆಲ್ ಊರೂರು ತಿರುಗಿದಾಗ ಫುಗ್ಗರ್ ಮನೆಯ ಗುಮಾಸ್ತ ಜೊತೆಯಲ್ಲೇ ಇರುತ್ತಿದ್ದ. ಕಟ್ಟಡಕ್ಕೆಂದು ಕಾಸು ಹಾಕಿದ ಬಡವರಿಗೆ ಅರ್ಧ ಹಣ ಯಾರ ಸಾಲಕ್ಕೆ ಹೋಗುತ್ತಿದೆಯೆಂಬುದು ಗೊತ್ತಿರಲಿಲ್ಲ. 1517ರ ಅಕ್ಟೋಬರ್ 31ರಂದು ಲೂಥರ್ ತನ್ನ ವಾದಗಳನ್ನು ಪತ್ರದ ಜೊತೆ ಕಳಿಸಿದ್ದು ಇದೇ ಆಲ್ಬ್ರೆಕ್ಟನಿಗೆ.

ಒಬ್ಬ ಮನುಷ್ಯ ಮೂರು ಕುರ್ಚಿಗಳ ಮೇಲೆ ಕೂರಲು ಹೋದದ್ದರಿಂದ ಪಶ್ಚಿಮದ ಸಭೆ ಒಡೆಯಿತು ಎಂದರೆ ಉತ್ಪ್ರೇಕ್ಷೆಯಾದೀತು, ಬೇರೆ ಕಾರಣಗಳೂ ಇದ್ದವು. ಆದರೆ ಒಡೆದ ಗೋಡೆಯಲ್ಲಿ ಮೊದಲ ಬಿರುಕು ಅಲ್ಲಿತ್ತು. ಮತಸುಧಾರಣೆಯನ್ನು ವರ್ಷವರ್ಷವೂ ಹಬ್ಬವಾಗಿ ಆಚರಿಸುವ ನಾವು, ಪ್ರಸಂಗ ಮುಗಿಸಿ ಕೌನ್ಸಿಲಿಗೆ ಹೋಗಿ ಪುಟ್ಟ ಪುಟ್ಟ ಆಲ್ಬ್ರೆಕ್ಟರಿಗೆ ಕೈ ಎತ್ತಿ ಬರುತ್ತೇವೆ.

ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಕಾರ್ಡಿನಲ್ ವೂಲ್ಸಿ ಇದ್ದ. 1514ರಲ್ಲಿ ಯಾರ್ಕಿನ ಆರ್ಚ್‌ಬಿಷಪ್, ಮರುವರ್ಷ ಕಾರ್ಡಿನಲ್, ಅದೇ ವರ್ಷ ದೊರೆಯ ಚಾನ್ಸಲರ್. ಯಾರ್ಕನ್ನು ಬಿಡದೆಯೇ ಮೊದಲು ಬಾತ್ ಮತ್ತು ವೆಲ್ಸ್, ಅದನ್ನು ಬಿಟ್ಟು ಡರ್ಹಮ್, ಅದನ್ನೂ ಬಿಟ್ಟು ಇನ್ನೂ ಶ್ರೀಮಂತವಾದ ವಿಂಚೆಸ್ಟರ್. ನಡುವೆ ಸೇಂಟ್ ಆಲ್ಬನ್ಸ್ ಮಠದ ಅಧಿಪತ್ಯ. ಹೀಗೆ ಹದಿನಾರು ವರ್ಷ ಯಾರ್ಕಿನ ಮಹಾಪಾಲಕನಾಗಿದ್ದವನು ಆ ಸೀಮೆಗೆ ಕಾಲಿಟ್ಟದ್ದು ದೊರೆಯ ಕೋಪಕ್ಕೆ ಗುರಿಯಾಗಿ ಬೇರೆಲ್ಲ ಕಳೆದುಕೊಂಡ ಮೇಲೆ, 1530ರಲ್ಲಿ. ಯಾರ್ಕಿನ ದೇವಾಲಯದಲ್ಲಿ ಪೀಠಾರೋಹಣಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಕೆಲವೇ ದಿನ ಮೊದಲು, ನಗರಕ್ಕೆ ಹತ್ತಿರದ ಕಾವುಡ್‌ನಲ್ಲಿ ಅವನನ್ನು ಬಂಧಿಸಿದರು. ತನ್ನ ಪೀಠದಲ್ಲಿ ಒಂದು ದಿನವೂ ಕೂರದೆ ಸತ್ತ.

ಸಭೆಗೆ ಈ ರೋಗ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 451ರ ಕಲ್ಸೆದೋನಿನ ಮಹಾಸಭೆಯೇ ಒಬ್ಬ ಪಾದ್ರಿ ಎರಡು ಊರುಗಳ ಸಭೆಗಳಲ್ಲಿ ಹೆಸರು ಬರೆಸಿಕೊಳ್ಳಬಾರದೆಂದಿತು. 1179ರಲ್ಲಿ, 1215ರಲ್ಲಿ ಲಾಟೆರನ್ ಮಹಾಸಭೆಗಳು ಅದನ್ನೇ ಮತ್ತೆ ಹೇಳಿದವು. ಒಂದೇ ನಿಯಮವನ್ನು ಇಷ್ಟು ಸಲ ಹೇಳಬೇಕಾಯಿತೆಂದರೆ ಪಾಲನೆ ಹೇಗಿತ್ತೆಂದು ಊಹಿಸಿಕೊಳ್ಳಿ. ಇವುಗಳಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿಸಿದ್ದು 787ರಲ್ಲಿ ನಿಕಾಯದಲ್ಲಿ ಸೇರಿದ ಎರಡನೆಯ ಮಹಾಸಭೆಯ ಹದಿನೈದನೆಯ ನಿಯಮ. ಇಬ್ಬರು ಯಜಮಾನರ ಸೇವೆ ಮಾಡಲಾಗದೆಂಬ ಯೇಸುವಿನ ಮಾತನ್ನೇ ಆಧಾರವಾಗಿಟ್ಟುಕೊಂಡು ಅದು ಎರಡು ಸಭೆ ಹಿಡಿಯುವುದು ವ್ಯಾಪಾರವೆಂದು ನೇರವಾಗಿ ಹೇಳುತ್ತದೆ. ಹೊಟ್ಟೆಗೆ ಸಾಲದಿದ್ದರೆ ರಾಜಧಾನಿಯಲ್ಲಿ ಬೇಕಾದಷ್ಟು ಕಸುಬುಗಳಿವೆ, ಒಂದನ್ನು ಕಲಿತು ದುಡಿಯಲಿ ಎನ್ನುತ್ತದೆ. ಆಮೇಲೆ ಒಂದು ಸಡಿಲಿಕೆ ಕೊಡುತ್ತದೆ: ಇದು ನಗರದ ಮಾತಾಯಿತು, ಹೊರಗಿನ ಹಳ್ಳಿಗಳಲ್ಲಿ ಜನ ಕಡಿಮೆಯಿರುವುದರಿಂದ ಅಲ್ಲಿ ಒಬ್ಬರು ಎರಡು ಸಭೆ ನೋಡಿಕೊಳ್ಳಬಹುದು.

ಕಥೋಲಿಕರ 1983ರ ಕಾನೂನು ಸಂಹಿತೆಯಲ್ಲೂ ಇದೇ ದಾರಿ ಇದೆ. ಒಬ್ಬ ಗುರುವಿಗೆ ಒಂದು ಧರ್ಮಕೇಂದ್ರ, ಗುರುಗಳ ಕೊರತೆಯೋ ಬೇರೆ ಕಾರಣವೋ ಇದ್ದಲ್ಲಿ ಅಕ್ಕಪಕ್ಕದ ಕೆಲವನ್ನು ಸೇರಿಸಬಹುದು. ಒಂದಕ್ಕೊಂದು ಹೊಂದದ ಎರಡು ಹುದ್ದೆಗಳನ್ನು ಒಬ್ಬರಿಗೇ ಕೊಡಕೂಡದೆಂದು ಬೇರೆ ನಿಯಮವೂ ಇದೆ. ಹಳ್ಳಿಗೆ ವಿನಾಯಿತಿ, ಪಟ್ಟಣಕ್ಕೆ ಬಿಗಿ. ಸಾವಿರ ವರ್ಷಕ್ಕೂ ಹಳೆಯ ಈ ವಿವೇಕವನ್ನು ನಾವು ತಲೆಕೆಳಗೆ ನಿಲ್ಲಿಸಿದ್ದೇವೆ. ಆದ್ದರಿಂದ ಒಂದು ಮಾತನ್ನು ಈಗಲೇ ಸ್ಪಷ್ಟಪಡಿಸುತ್ತೇನೆ. ಉತ್ತರದ ಬಯಲುಸೀಮೆಯಲ್ಲಿ ಐದಾರು ಹಳ್ಳಿಸಭೆಗಳನ್ನು ಒಬ್ಬರೇ ನೋಡಿಕೊಳ್ಳುವ ಅಯ್ಯನವರ ಬಗ್ಗೆ ಈ ಪತ್ರದಲ್ಲಿ ಒಂದು ಅಕ್ಷರದ ದೂರೂ ಇಲ್ಲ. ಅವರ ಭಾನುವಾರ ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಬೆಳಿಗ್ಗೆ ಏಳಕ್ಕೆ ಒಂದೂರಲ್ಲಿ ಕರ್ತನ ಭೋಜನ. ನಿಲುವಂಗಿ ಮಡಚಿ ಚೀಲಕ್ಕೆ ಹಾಕಿ, ರೊಟ್ಟಿ-ದ್ರಾಕ್ಷಾರಸದ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೈಕಿನ ಪಕ್ಕದ ಡಬ್ಬಿಗೆ ತುರುಕಿ, ಹತ್ತು ಗಂಟೆಗೆ ಇನ್ನೊಂದೂರು. ಮಧ್ಯಾಹ್ನದ ಬಿಸಿಲಲ್ಲಿ ಮೂರನೆಯದು. ನಾಲ್ಕನೆಯ ಊರಿನಲ್ಲಿ ಉಪದೇಶಿಯೋ ಹಿರಿಯರೋ ಪ್ರಾರ್ಥನೆ ನಡೆಸಿರುತ್ತಾರೆ, ಅಲ್ಲಿಯವರಿಗೆ ಸಂಸ್ಕಾರ ಸಿಗುವುದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಇವರಿಗೆ ಶಾಲೆಯೂ ಇಲ್ಲ, ಹಾರವೂ ಇಲ್ಲ. ಸಿಗುವುದು ಬೆನ್ನುನೋವು.

ಈ ಬಡವರ ಹೊರೆಯನ್ನೇ ತೋರಿಸಿ ಪಟ್ಟಣದವರು ತಮ್ಮ ಹುದ್ದೆಗಳನ್ನು ಸಮರ್ಥಿಸಿಕೊಳ್ಳುವುದಿದೆ. 'ಎಲ್ಲರೂ ಎರಡೆರಡು ನೋಡಿಕೊಳ್ಳುತ್ತಿಲ್ಲವೇ?' ಎನ್ನುತ್ತಾರೆ. ಒಂದು ಜನರಿಲ್ಲದ್ದಕ್ಕೆ ಬಂದದ್ದು, ಇನ್ನೊಂದು ಬಿಟ್ಟುಕೊಡದ್ದಕ್ಕೆ ಬಂದದ್ದು. ಅಷ್ಟೇ ಅಲ್ಲ, ಎರಡಕ್ಕೂ ಒಳಸಂಬಂಧವಿದೆ. ಡಯಾಸಿಸಿನ ಅತ್ಯಂತ ಸಮರ್ಥರು ನಾಲ್ಕು ಕುರ್ಚಿ ಹಿಡಿದು ಪಟ್ಟಣದಲ್ಲೇ ಬೇರೂರಿದರೆ ವರ್ಗಾವಣೆಯ ಪಟ್ಟಿಯಲ್ಲಿ ಹಳ್ಳಿಗೆ ಉಳಿಯುವುದು ಯಾರು? ಈಗಷ್ಟೇ ದೀಕ್ಷೆ ಪಡೆದ ಹುಡುಗರು, ಇಲ್ಲವೇ ಯಾರದೋ ಕೆಂಗಣ್ಣಿಗೆ ಬಿದ್ದವರು.

ಇನ್ನು ಪಟ್ಟಣದ ಸಭೆಗೆ ಏನಾಗುತ್ತದೆಂಬುದನ್ನು ನೋಡಿ. ನಮ್ಮ ಸಭೆಯ ಒಬ್ಬ ಅಜ್ಜಿಯ ಮಣ್ಣಿನ ದಿನ ನಾನು ಸ್ಮಶಾನದಲ್ಲಿದ್ದೆ. ಪೆಟ್ಟಿಗೆ ಇಳಿಸಿ ಮೊದಲ ಹಿಡಿ ಮಣ್ಣು ಹಾಕುವ ಹೊತ್ತಿಗೆ ಅಯ್ಯನವರ ನಿಲುವಂಗಿಯ ಒಳಗಿನಿಂದ ಫೋನು ಗುಂಯ್‌ಗುಟ್ಟಿತು. ಅವರು ಓದುವುದನ್ನು ನಿಲ್ಲಿಸಲಿಲ್ಲ, ಆ ಮಟ್ಟಿಗೆ ಒಳ್ಳೆಯವರೇ. ಆದರೆ ಗೇಟಿನ ಹತ್ತಿರ ಶಾಲೆಯ ಗುಮಾಸ್ತರು ರಟ್ಟಿನ ಫೈಲು ಹಿಡಿದು ನಿಂತಿದ್ದರು. ಶಿಕ್ಷಕರ ಸಂಬಳದ ಬಿಲ್ಲು, ಸಂಜೆಯೊಳಗೆ ಬಿಇಒ ಆಫೀಸು ಮುಟ್ಟಬೇಕು. ಆಶೀರ್ವಚನ ಮುಗಿದ ಕೂಡಲೇ ಅಯ್ಯನವರು ಪಕ್ಕದ ಹಳೆಯ ಸಮಾಧಿಯ ಕಲ್ಲಿನ ಮೇಲೆ ಫೈಲು ಇಟ್ಟು ಒಂದೊಂದೇ ಹಾಳೆ ತಿರುವಿ ಸಹಿ ಹಾಕಿದರು, ಬೆರಳಿಗೆ ಹತ್ತಿದ್ದ ಮಣ್ಣು ಹಾಳೆಯ ಅಂಚಿಗೂ ಹತ್ತಿತು. ಅಜ್ಜಿಯ ಮಗ ಕೈಕಟ್ಟಿಕೊಂಡು ಕಾದರು. ಅಯ್ಯನವರು ಅವರ ಭುಜ ತಟ್ಟಿ, ಮನೆಗೆ ಬರುತ್ತೇನೆ ಎಂದು ಹೇಳಿ ಕಾರು ಹತ್ತಿದರು. ಆ ವಾರ ಬರಲಿಲ್ಲ. ಬರಲಾಗದು ಎಂದು ಅವರಿಗೂ ಗೊತ್ತಿತ್ತು, ಆ ಮಗನಿಗೂ ಗೊತ್ತಿತ್ತು.

ಆ ಅಯ್ಯನವರನ್ನು ನಾನು ಸೋಮಾರಿ ಎನ್ನಲಾರೆ. ಬೆಳಿಗ್ಗೆ ಆರಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೂ ದುಡಿಯುವವರು. ಸಂಬಳದ ಬಿಲ್ಲು ತಡವಾದರೆ ಮೂವತ್ತು ಮನೆಯ ಒಲೆ ಆರುತ್ತದೆ, ಹಾಗಾಗಿ ಸಹಿಯೂ ದೊಡ್ಡ ಕೆಲಸವೇ. ಪ್ರಶ್ನೆ ಅದಲ್ಲ. ಆ ಸಹಿಗೆ ದೀಕ್ಷೆ ಪಡೆದವರು ಬೇಕೇ? ಯೆರೂಸಲೇಮಿನಲ್ಲಿ ವಿಧವೆಯರಿಗೆ ಊಟ ಹಂಚುವುದರಲ್ಲಿ ತಕರಾರು ಎದ್ದಾಗ ಅಪೊಸ್ತಲರು ಆ ಕೆಲಸ ಕೀಳೆಂದು ಬಿಡಲಿಲ್ಲ. ಅದು ಮುಖ್ಯವೆಂದೇ ಅದಕ್ಕೆ ಏಳು ಮಂದಿಯನ್ನು ಬೇರೆಯಾಗಿ ಆರಿಸಿದರು. ಆರಿಸಿದ್ದು ಯಾರು? ಸಭೆಯ ಜನ, ಅಂದರೆ ನಿಮ್ಮಂಥವರು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಕೌನ್ಸಿಲಿನ ಆರಂಭದ ಧ್ಯಾನಕ್ಕೆ ಓದುವ ರೂಢಿ ಬಂದರೆ ಸಂತೋಷ. ಓದಿದ ಮೇಲೆ ಚುನಾವಣೆ ಅದಕ್ಕೆ ತದ್ವಿರುದ್ಧ ನಡೆಯದಿದ್ದರೆ ಇನ್ನೂ ಸಂತೋಷ.

ಹೊತ್ತು ಸಾಲದೆನ್ನುವುದಕ್ಕಿಂತ ದೊಡ್ಡ ತೊಂದರೆ ಲೆಕ್ಕ ಕೇಳುವ ವಿಷಯದಲ್ಲಿದೆ. ಸಭೆಯ ಅರ್ಜಿ ಡಯಾಸಿಸ್ ಆಫೀಸಿಗೆ ಹೋಗುತ್ತದೆ. ಅರ್ಜಿ ಕಳಿಸುವವರೂ ಮಂಜೂರು ಮಾಡುವವರೂ ಒಬ್ಬರೇ ಆದರೆ? ಸಭೆಯ ಜಾಗ ಬಾಡಿಗೆಗೆ ಕೊಡುವಾಗ ಸಭಾಪಾಲಕರಾಗಿ ಒಂದು ಸಹಿ, ಆಸ್ತಿ ಸಮಿತಿಯ ಪರವಾಗಿ ಇನ್ನೊಂದು ಸಹಿ, ಎರಡೂ ಒಂದೇ ಪೆನ್ನಿನವು. ಯಾರೂ ಕದ್ದಿರಬೇಕೆಂದಿಲ್ಲ. ಕದ್ದಿಲ್ಲವೆಂದು ತೋರಿಸುವ ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಗುಸುಗುಸು, ಮೂಗರ್ಜಿ, ಕೋರ್ಟು. ನಮ್ಮ ಸಭೆಗಳು ವಕೀಲರಿಗೆ ಸುರಿದ ಹಣದಲ್ಲಿ ಎಷ್ಟು ಉಪದೇಶಿಗಳಿಗೆ ಸಂಬಳ ಕೊಡಬಹುದಿತ್ತೋ!

ಇನ್ನೊಂದು ಮಾತಿದೆ. ಹೇಳಿದರೆ ನಿಮಗೆ ಬೇಸರವಾದೀತು, ಆದರೂ ಹೇಳುತ್ತೇನೆ. ಪ್ರತಿನಿಧಿಗಳಾಗಿ ಬರುವವರಲ್ಲಿ ನಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲೇ ಕೆಲಸ ಮಾಡುವವರಿದ್ದಾರೆ. ಮಗಳಿಗೋ ಅಳಿಯನಿಗೋ ಅಲ್ಲೊಂದು ಕೆಲಸದ ನಿರೀಕ್ಷೆಯಲ್ಲಿರುವವರೂ ಇದ್ದಾರೆ. ಕರೆಸ್ಪಾಂಡೆಂಟರೇ ಅಭ್ಯರ್ಥಿಯಾಗಿ ಎದುರಿಗೆ ಕೂತಾಗ ಅವರ ಕೈ ಯಾವ ಕಡೆಗೆ ಏಳುತ್ತದೆ? ಒಂದು ಹುದ್ದೆಯಿಂದ ಓಟು, ಓಟಿನಿಂದ ಎರಡನೆಯ ಹುದ್ದೆ, ಎರಡನೆಯದರಿಂದ ಇನ್ನಷ್ಟು ಓಟು. ಆಲ್ಬ್ರೆಕ್ಟನಿಗೆ ಫುಗ್ಗರರ ಸಾಲ ಬೇಕಾಯಿತು. ನಮ್ಮಲ್ಲಿ ಅಪಾಯಿಂಟ್‌ಮೆಂಟ್ ಆರ್ಡರು ಸಾಕು.

ಸಂಬಳದ ಮಾತನ್ನು ಮುಚ್ಚಿಡುವುದು ಬೇಡ. ಸಭಾಪಾಲಕರಿಗೆ ನಾವು ಕೊಡುವುದರಲ್ಲಿ ಮಕ್ಕಳ ಓದು, ತಂದೆತಾಯಿಯ ಔಷಧಿ ಸಾಗುವುದಿಲ್ಲ. ಹುದ್ದೆಯ ಜೊತೆಗೆ ಗೌರವಧನ, ಕಾರು, ಫೋನು ಬರುವಾಗ ಬೇಡವೆನ್ನಲು ಸಂತರೇ ಆಗಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವೇಲ್ಸಿನ ಲ್ಯಾಂಡಾಫ್ ಎಂಬ ಬಡ ಡಯಾಸಿಸಿಗೆ ರಿಚರ್ಡ್ ವಾಟ್ಸನ್ ಬಿಷಪ್ಪರಾಗಿದ್ದರು. ಆದಾಯ ಸಾಲದೆಂದು ಕೇಂಬ್ರಿಡ್ಜಿನ ದೈವಶಾಸ್ತ್ರದ ಪ್ರಾಧ್ಯಾಪಕ ಸ್ಥಾನವನ್ನೂ ಬೇರೆ ಸಭೆಗಳ ಆದಾಯವನ್ನೂ ಇಟ್ಟುಕೊಂಡರು. 1783ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರಿಗೆ ಪತ್ರ ಬರೆದು, ಬಿಷಪ್ಪರ ಆದಾಯಗಳನ್ನು ಸಮ ಮಾಡಿದರೆ ಹೀಗೆ ಹತ್ತು ಕಡೆ ಕೈಚಾಚುವುದು ನಿಲ್ಲುತ್ತದೆ ಎಂದು ವಾದಿಸಿದರು. ವಾದ ಸರಿಯಾಗಿತ್ತು, ಯಾರೂ ಕೇಳಲಿಲ್ಲ. ವಾಟ್ಸನ್ನರು ತಮ್ಮ ಡಯಾಸಿಸಿನಿಂದ ಬಹುದೂರ, ವಿಂಡರ್‌ಮೇರ್ ಸರೋವರದ ದಡದಲ್ಲಿ ಮನೆ ಕಟ್ಟಿಕೊಂಡು ಗಿಡ ನೆಡುತ್ತಾ 1816ರವರೆಗೆ ಬಿಷಪ್ಪರಾಗಿಯೇ ಉಳಿದರು. ಅವರ ಡಯಾಸಿಸಿನ ಊರೂರುಗಳಲ್ಲಿ ಆಗ ನಿಜವಾದ ಕೆಲಸ ಮಾಡುತ್ತಿದ್ದವರು ಪುಡಿಗಾಸಿಗೆ ಗೊತ್ತುಮಾಡಿದ ಬದಲಿ ಪಾದ್ರಿಗಳು, ಅಂದರೆ ಕ್ಯುರೇಟುಗಳು. ಕೊನೆಗೆ 1838ರಲ್ಲಿ ಪಾರ್ಲಿಮೆಂಟೇ ಕಾನೂನು ತಂದು ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಸಭೆ ಕೂಡದು, ಅವೂ ಹತ್ತು ಮೈಲಿಯೊಳಗಿರಬೇಕು ಎಂದು ಕಟ್ಟುಹಾಕಬೇಕಾಯಿತು. ಸಭೆಯೇ ಮಾಡದ್ದನ್ನು ಸರ್ಕಾರ ಮಾಡಿತು. ನಮ್ಮಲ್ಲೂ ಸರ್ಕಾರವೇ ಮಾಡಲೆಂದು ಕಾಯುತ್ತೀರಾ?

'ಅಯ್ಯನವರು ಇಲ್ಲದಿದ್ದರೆ ಸಂಸ್ಥೆ ನಮ್ಮ ಕೈತಪ್ಪುತ್ತದೆ' ಎಂಬುದು ಇನ್ನೊಂದು ವಾದ. ಅದಕ್ಕೆ ನಮ್ಮ ಮನೆಯ ಇತಿಹಾಸವೇ ಉತ್ತರ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ನೇಯ್ಗೆ, ಮುದ್ರಣ, ಹೆಂಚು ಎಲ್ಲವನ್ನೂ ಮಾಡಿದರು. ಆದರೆ ವ್ಯಾಪಾರ ಬೆಳೆಯತೊಡಗಿದಾಗ ಅದಕ್ಕೆಂದೇ 1859ರಲ್ಲಿ ಬೇರೆ ಕಂಪನಿ ಕಟ್ಟಿದರು, ಬೇರೆ ಲೆಕ್ಕ ಇಟ್ಟರು. ಕಾರ್ಖಾನೆ ನೋಡಿಕೊಳ್ಳಲು ಕಸುಬು ಬಲ್ಲವರನ್ನು ಕಳಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಪ್ಲೆಬ್ಸ್ಟ್ ಅಂಥವರಲ್ಲೊಬ್ಬರು. ಅವರ ಆಡಳಿತದಲ್ಲಿ ದೋಷವಿರಲಿಲ್ಲವೆಂದಲ್ಲ. ದುಡಿಮೆಗಾರರನ್ನು ಸಭೆಗೂ ಕಾರ್ಖಾನೆಗೂ ಒಟ್ಟಿಗೇ ಕಟ್ಟಿಹಾಕಿದರೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ವೇದಿಯ ಮುಂದೆ ನಿಲ್ಲುವವರು ಕುಲುಮೆಯ ಲೆಕ್ಕ ಬರೆಯಬೇಕೆಂದು ಅವರು ಹಟ ಹಿಡಿಯಲಿಲ್ಲ. ಇವತ್ತು ನಮ್ಮ ಸಭೆಗಳ ಬೆಂಚುಗಳ ಮೇಲೆ ಚಾರ್ಟರ್ಡ್ ಅಕೌಂಟೆಂಟರು, ನಿವೃತ್ತ ಪ್ರಿನ್ಸಿಪಾಲರು, ಬ್ಯಾಂಕ್ ಮ್ಯಾನೇಜರರು, ದೊಡ್ಡ ಆಸ್ಪತ್ರೆ ನಡೆಸಿದ ನರ್ಸಮ್ಮಂದಿರು ಕೂತಿದ್ದಾರೆ. ಅವರಿಂದ ನಾವು ಕೇಳುವುದು ಕಾಣಿಕೆ ಎಣಿಸುವುದು, ಸುಗ್ಗಿ ಹಬ್ಬಕ್ಕೆ ಹರಾಜು ಕೂಗುವುದು, ಅಷ್ಟೇ. ಹಾಗೆಂದು ಲೌಕಿಕರೆಲ್ಲ ಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಅವರನ್ನು ಲೆಕ್ಕ ಕೇಳುವಾಗ ನಾಳೆ ಸಂಸ್ಕಾರ ಯಾರ ಕೈಯಿಂದ ತೆಗೆದುಕೊಳ್ಳಲಿ ಎಂಬ ಮುಜುಗರವಂತೂ ನಮಗಿರುವುದಿಲ್ಲ.

ಮೇಲಿನವರನ್ನು ಬಿಟ್ಟು ಕೆಳಗಿನವರನ್ನು ಹಿಡಿದಿದ್ದಾನೆ ಎನ್ನಬೇಡಿ. ನಮ್ಮ ದಕ್ಷಿಣ ಭಾರತ ಸಭೆಯ ಮುಖ್ಯಸ್ಥರಾದ ಮಾಡರೇಟರರು ಆಯ್ಕೆಯಾದ ಮೇಲೂ ತಮ್ಮ ಡಯಾಸಿಸಿನ ಬಿಷಪ್ಪರಾಗಿಯೇ ಇರುತ್ತಾರೆ. ಬಿಷಪ್ ಇಲ್ಲದ ಡಯಾಸಿಸನ್ನು ಮಾಡರೇಟರರ ಪರವಾಗಿ, ಕಮಿಸರಿ ಎಂಬ ಹೆಸರಿನಲ್ಲಿ, ಎಷ್ಟೋ ಸಲ ಇನ್ನೊಂದು ಡಯಾಸಿಸಿನ ಬಿಷಪ್ಪರೇ ನಡೆಸುತ್ತಾರೆ. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಸ್ವಂತ ಹಿಂಡಿಲ್ಲದ ಮಾಡರೇಟರ್ ಬರೀ ಅಧಿಕಾರಿಯಾಗಿಬಿಡುತ್ತಾರೆ, ಮೇಲಾಗಿ ಆ ಸ್ಥಾನಕ್ಕೆ ಅವಧಿಯ ಮಿತಿಯಿದೆ. ಎರಡನೆಯದು ತುರ್ತಿಗೆ ಸರಿ. ತುರ್ತು ವರ್ಷಗಟ್ಟಲೆ ನಡೆದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ನಿಮ್ಮಿಂದ ಕೇಳುವುದು ದೊಡ್ಡ ಕ್ರಾಂತಿಯಲ್ಲ. ಮುಂದಿನ ಕೌನ್ಸಿಲಿನಲ್ಲಿ ಒಂದು ಠರಾವು. ಡಯಾಸಿಸಿನ ಪದಾಧಿಕಾರಿಯಾಗಿ ಆರಿಸಿಬಂದ ಸಭಾಪಾಲಕರು ಆ ಅವಧಿ ಮುಗಿಯುವವರೆಗೆ ಸಭೆಯ ಹೊಣೆಯಿಂದ ಬಿಡುಗಡೆ ಪಡೆಯಲಿ, ಅವರಿಗೆ ಪೂರ್ತಿ ಸಂಬಳ ಡಯಾಸಿಸಿನಿಂದಲೇ ಬರಲಿ. ಸಂಸ್ಥೆಗಳ ಕರೆಸ್ಪಾಂಡೆಂಟ್ ಕೆಲಸಕ್ಕೆ ಅರ್ಹ ಲೌಕಿಕರನ್ನು ಅವಧಿ ಗೊತ್ತುಮಾಡಿ ನೇಮಿಸಲಿ. ಸಭಾಪಾಲಕರು ಬೇಕಾದರೆ ಚಾಪ್ಲಿನರಾಗಿರಲಿ, ಮಕ್ಕಳಿಗೆ ಪಾಠ ಹೇಳಲಿ, ಚೆಕ್ಕಿಗೆ ಸಹಿ ಬೇಡ. ಹೀಗೆ ಬಿಡುವಾದವರಲ್ಲಿ ಒಂದಿಬ್ಬರಾದರೂ ಐದು ಹಳ್ಳಿಯ ಅಯ್ಯನವರ ಹೊರೆ ಹಂಚಿಕೊಳ್ಳಲು ಹೋಗಲಿ. ಹಳ್ಳಿಸಭೆಗಳನ್ನು ಒಟ್ಟಾಗಿ ನೋಡಿಕೊಳ್ಳುವುದಕ್ಕೆ ವಿನಾಯಿತಿ ಇರಲಿ, ನಿಕಾಯದವರು ಕೊಟ್ಟಂತೆ. ಎಲ್ಲ ಸಭಾಪಾಲಕರಿಗೂ ಒಂದೇ ಸಂಬಳದ ಮಟ್ಟ, ಹಳ್ಳಿಯಲ್ಲಿರುವವರಿಗೆ ಪ್ರಯಾಣದ ಖರ್ಚು ಬೇರೆ. ಇದಕ್ಕೆ ಹಣವೆಲ್ಲಿ ಎಂದು ಖಜಾಂಚಿಗಳು ಕೇಳುತ್ತಾರೆ. ಒಬ್ಬೊಬ್ಬರಿಗೆ ಈಗ ನಾಲ್ಕು ಬಾಬಿನಲ್ಲಿ ಹೋಗುತ್ತಿರುವ ಗೌರವಧನದ ಪಟ್ಟಿಯನ್ನು ಮೊದಲು ಸಭೆಯ ಮುಂದಿಡಲು ಹೇಳಿ, ಅಲ್ಲಿಂದ ಮಾತು ಶುರುವಾಗಲಿ.

ಠರಾವಿನ ಕರಡು ನನ್ನ ಹತ್ತಿರ ಒಂದು ಪುಟದಲ್ಲಿ ಸಿದ್ಧವಿದೆ, ಕೇಳಿದವರಿಗೆ ಕಳಿಸುತ್ತೇನೆ. ನಾನು ಪ್ರತಿನಿಧಿಯಲ್ಲ, ಮಂಡಿಸುವ ಹಕ್ಕು ನನಗಿಲ್ಲ. ಮಂಡಿಸಲು ಒಬ್ಬರು, ಅನುಮೋದಿಸಲು ಒಬ್ಬರು ಬೇಕು. ನಮ್ಮ ಸಂಸ್ಥೆಗಳಲ್ಲಿ ಕೆಲಸದಲ್ಲಿಲ್ಲದವರು, ಈ ವರ್ಷ ನಿವೃತ್ತರಾಗುವವರು ಮುಂದೆ ಬಂದರೆ ಒಳ್ಳೆಯದು. ಓಟು ಕೈ ಎತ್ತಿ ಬೇಡ, ಚೀಟಿಯಲ್ಲೇ ಆಗಲಿ ಎಂದು ಮೊದಲೇ ಕೇಳಿಕೊಳ್ಳಿ.

ಇತಿ,
ನಿಮ್ಮ ಸಭೆಗಳೊಂದರ ಒಬ್ಬ ಸದಸ್ಯ